ಜರ್ಮನ್ ಕೊಯ್ಯುವ ಬ್ಲೇಡು

ನಮ್ಮ ಆಳಂದ ಸೀಮೆಯಲ್ಲಿ ಅಲ್ಯುಮಿನಿಯಂಗೆ ಜರ್ಮನ್ ಎನ್ನುತ್ತಾರೆ. ಜರ್ಮನ್ ಡಬರಿ, ಜರ್ಮನ್ ತಾಟು, ಜರ್ಮನ್ ಚರಿಗಿ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಮ್ಮಜ್ಜಿ ಹಾಗೆ ಅಂದಳು, ನಮ್ಮವ್ವ ಅಂದಳು, ನಾನೂ ಅನ್ನುತ್ತೇನೆ. ಈಗಿನ ಮಂದಿಗೆ ಕಿಟಕಿಗೆ ಹಾಕಿದರೆ ಅದು ಅಲ್ಯುಮಿನಿಯಂ, ಒಲೆಯ ಮೇಲೆ ಇಟ್ಟರೆ ಜರ್ಮನ್. ಎರಡೂ ಒಂದೇ ಮಾಲು ಎಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ನಾನು ಗುರುಶಾಂತಮ್ಮ. ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಲ್ಯುಮಿನಿಯಂ ಕಿಟಕಿ, ಬಾಗಿಲು ಮಾಡುವ ಅಂಗಡಿ ನಮ್ಮದು. ಮನೆಮನೆಗೆ ಹೋಗಿ ಅಳತೆ ತರುವುದು ನನ್ನ ಗಂಡ ಧರ್ಮಣ್ಣನ ಕೆಲಸ, ಕೊಯ್ಯುವುದು ನನ್ನ ಕೆಲಸ. ಅವರಿಗೆ ಮಶೀನಿನ ಸದ್ದು ಕೇಳಿದರೆ ತಲೆ ಸಿಡಿಯುತ್ತದಂತೆ. ನನಗೆ ಅವರ ಮಾತು ಕೇಳಿದರೆ ಸಿಡಿಯುತ್ತದೆ. ಅವರು ಹೊರಗೆ, ನಾನು ಒಳಗೆ. ಸಂಸಾರ ಚೆನ್ನಾಗಿಯೇ ನಡೆದಿದೆ.

ಬೇರೆಯವರಿಗೆ ಮಶೀನು, ಬ್ಲೇಡು ಬಾಡಿಗೆಗೂ ಕೊಡುತ್ತೇನೆ. ಆದರೆ ಏನು ಕೊಯ್ಯುತ್ತೀರಿ, ಎಷ್ಟು ದಪ್ಪ, ಯಾವ ಮಶೀನಿಗೆ ಎಂದು ಕೇಳದೆ ಒಂದು ಬ್ಲೇಡೂ ನನ್ನ ಕೈಯಿಂದ ಆಚೆ ಹೋಗುವುದಿಲ್ಲ. ನರೋಣಾದ ಮೇಸ್ತ್ರಿಯೊಬ್ಬ ಒಮ್ಮೆ ಸಿಟ್ಟಿಗೆದ್ದು, "ಮದುವಿ ಗಂಡಿಗಿ ಕೇಳಿದಂಗ ಕೇಳ್ತೀರಲ್ರಿ" ಎಂದಿದ್ದ. "ಗಂಡು ತಪ್ಪಿದ್ರ ಹೆಣ್ಣು ಅಳ್ತಾಳ, ಬ್ಲೇಡ್ ತಪ್ಪಿದ್ರ ನೀ ಅಳ್ತಿ" ಎಂದು ಕಳಿಸಿದ್ದೆ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಓಣಿಗೆಲ್ಲ ಗೊತ್ತು. ಆದರೂ ಬರುವವರು ಬರುತ್ತಾರೆ, ಯಾಕೆಂದರೆ ನಾನು ಕೊಯ್ದದ್ದು ಕೂಡಿಸಿದಾಗ ಸಂದಿ ಕಾಣಿಸುವುದಿಲ್ಲ.

ಆ ದಿನ ಮಧ್ಯಾಹ್ನ ನಮ್ಮ ಬಾಗಿಲಿಗೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಹಿಂದೆ ಒಂದು ದೊಡ್ಡ ಪಾತ್ರೆ ಬೋರಲಾಗಿ ಮಲಗಿತ್ತು. ಮದುವೆ ಮನೆಗಳಲ್ಲಿ ಬಿರಿಯಾನಿ ಮಾಡುತ್ತಾರಲ್ಲ, ಆ ದೇಗು. ಒಳಗೆ ಒಬ್ಬ ಮನುಷ್ಯ ಕುಳಿತರೆ ತಲೆ ಕಾಣಿಸಬಾರದು, ಅಷ್ಟು ದೊಡ್ಡದು. ಮೇಲಿನಿಂದ ಕೆಳಗಿನವರೆಗೂ ನೆಟ್ಟಗಿನ ಮೈ, ಕಿರುಬೆರಳಿನ ಅರ್ಧದಷ್ಟು ದಪ್ಪ. ಈಗ ಇಂಥ ಜರ್ಮನ್ ಪಾತ್ರೆ ಯಾರೂ ಮಾಡುವುದಿಲ್ಲ.

ನೋಡಿದ ಕೂಡಲೇ ಇದು ಕಿಣ್ಣಿ ಸುಲ್ತಾನದ ಚಾಂದಪಾಶಾ ಅವರ ದೇಗು ಎಂದು ಗುರುತು ಹಿಡಿದೆ. ಚಾಂದಪಾಶಾ ಎಂದರೆ ಆಳಂದದಿಂದ ಅಫಜಲಪುರದವರೆಗೆ ಮುಸಲ್ಮಾನರ ಮದುವೆಗಳಿಗೆಲ್ಲ ಅಡುಗೆ ಮಾಡಿದ ಬಾವರ್ಚಿ. ಹೋದ ವರ್ಷ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದು ಅವರ ಬಲಗೈ ಬಿದ್ದುಹೋಯಿತು. ಅಂದಿನಿಂದ ಒಲೆಯ ಮುಂದೆ ನಿಲ್ಲುವವಳು ಮಗಳು ತಸ್ಲೀಮ. ಆಟೋದಿಂದ ಇಳಿದವಳು ಅವಳೇ. ಓಡಿಸಿಕೊಂಡು ಬಂದವನು ಅವಳ ಗಂಡ ಅಜರುದ್ದೀನ.

ಇಬ್ಬರ ಮುಖವೂ ಸಪ್ಪಗಿತ್ತು. ದೇಗನ್ನು ಇಳಿಸಿ ನೆಟ್ಟಗೆ ನಿಲ್ಲಿಸಿದಾಗ ಕಾರಣ ಕಂಡಿತು. ಬಾಯಿಯ ಅಂಚಿನಿಂದ ಕೆಳಕ್ಕೆ ಒಂದು ಸೀಳು ಬಿಟ್ಟಿತ್ತು. ಅದರ ಪಕ್ಕದಲ್ಲಿ ಯಾರೋ ಮಶೀನು ಹಾಕಿ ಕೊಯ್ಯಲು ಹೋಗಿ ಒಂದು ಗೇಣು ಸೊಟ್ಟಗೆ ಎಳೆದು ಬಿಟ್ಟಿದ್ದರು. ಗೀರಿನ ಎರಡೂ ಬದಿ ಜರ್ಮನ್ ಕರಗಿ ಗಂಟುಗಂಟಾಗಿ ಅಂಟಿಕೊಂಡಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ಇದು ಯಾರ ಕೆಲಸ?"

"ನಂದೇ ರೀ ಅಕ್ಕಾ" ಎಂದ ಅಜರುದ್ದೀನ. "ಸೀಳು ಕೆಳಗ ಇಳಿಯಾಕತ್ತಿತ್ತು. ಮ್ಯಾಲಿಂದು ಕೊಯ್ದು ತಗದ್ರ ದೇಗು ಉಳೀತದ ಅಂತ ಇಕಿ ಅಂದ್ಲು. ಬ್ಲೇಡ್ ಮ್ಯಾಲ ಕೆಳಗ ಆಡ್ತದಲ್ರಿ, ಆ ಜಿಗ್‌ಸಾ ಮಶೀನು ದೋಸ್ತನ ಕಡೆ ತಂದೆ. ಬ್ಲೇಡ್ ಮಾತ್ರ ಹೊಸಾದು. ಬಾಡಿಗಿ ಹಾಕ್ಕೊಂಡು ಜೇವರ್ಗಿಗಿ ಹೋಗಿದ್ದೆ, ಅಲ್ಲಿ ಹೊಸಾ ಹಾರ್ಡ್‌ವೇರ್ ಅಂಗಡಿಯಾಗ ಬರೋಬ್ಬರಿ ಕೇಳೇ ತಂದೀನ್ರಿ."

"ಏನಂತ ಕೇಳಿದಿ?"

"ಜರ್ಮನ್ ಬ್ಲೇಡ್ ಕೊಡ್ರಿ ಅಂತ."

"ಅಂವ ಏನಂದ?"

"'ಜರ್ಮನ್ ಇದೆ, ಭಾರಿ ಮಾಲು, ಎಲ್ಲರೂ ಕೇಳಲ್ಲ' ಅಂದ. ಅಂವ ಈ ಕಡಿಯಾಂವ ಅಲ್ರಿ, ಭಾಷಾ ಬ್ಯಾರೆ ಇತ್ತು. ನೋಡ್ರಿ, ಖಾಲಿ ಪಾಕೀಟು ಇಟ್ಕೊಂಡೀನಿ."

ಪಾಕೀಟು ತೆಗೆದುಕೊಂಡು ನೋಡಿದೆ. ಒಂದು ಮೂಲೆಯಲ್ಲಿ ಜರ್ಮನಿ ದೇಶದ ಬಾವುಟ, ಇನ್ನೊಂದು ಮೂಲೆಯಲ್ಲಿ ಕಬ್ಬಿಣದ ತಗಡಿನ ಚಿತ್ರ. ನನಗೆ ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ದೇಗಿನ ಗಾಯ ಕಣ್ಣಿಗೆ ಬಿದ್ದು ನಗು ನಿಂತಿತು.

"ಲೇ ಅಜರುದ್ದೀನ, ಇದು ಜರ್ಮನಿ ದೇಶದಾಗ ಮಾಡಿದ ಬ್ಲೇಡ್. ಜರ್ಮನ್ ಕೊಯ್ಯೋ ಬ್ಲೇಡ್ ಅಲ್ಲ. ಕಬ್ಬಿಣದ ತೆಳು ತಗಡಿಗಿ ಮಾಡಿದ್ದು."

ಅವನು ತಲೆ ಕೆರೆದುಕೊಂಡ. "ಹಂಗಾದ್ರ ಜರ್ಮನಿಯವ್ರು ಜರ್ಮನ್‌ಗಿ ಏನಂತಾರ್ರಿ?"

"ಅವ್ರ ಡಬರಿ ಚಿಂತಿ ಅವ್ರು ಮಾಡ್ತಾರ. ನೀ ನಿನ್ನ ಮಾವನ ಚಿಂತಿ ಮಾಡು."

ಮಾವ ಎಂದ ಕೂಡಲೇ ಗಂಡ ಹೆಂಡತಿ ಇಬ್ಬರೂ ನೆಲ ನೋಡಿದರು. ಚಾಂದಪಾಶಾ ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಅವರು ಜಿಡಗಾದಲ್ಲಿ ತಂಗಿಯ ಮನೆಗೆ ಹೋಗಿದ್ದಾಗ ಇವರು ಈ ಸಾಹಸ ಮಾಡಿದ್ದರು. ಆದಿತ್ಯವಾರ ಅಫಜಲಪುರದಲ್ಲಿ ದೊಡ್ಡ ಮದುವೆ ಇತ್ತು, ಅದರ ಅಡುಗೆ ಇವರದೇ.

"ಅಫಜಲಪುರದವ್ರು ನಿನಗ ಕರದಾರೋ, ಅಪ್ಪಗ ಕರದಾರೋ?" ಎಂದು ತಸ್ಲೀಮಳನ್ನು ಕೇಳಿದೆ.

"ದೇಗಿಗಿ ಕರದಾರ್ರಿ" ಎಂದಳು. "ಅಬ್ಬಾನ ಕೈ ಬಿದ್ದಾಗಿಂದ ಎಲ್ಲಾರೂ ಹಂಗೇ ಕೇಳ್ತಾರ. ಚಾಂದಪಾಶಾನ ದೇಗು ಬರ್ತದೇನು ಅಂತ. ನಾ ಅದರ ಜೋಡಿ ಬರ್ತೇನಿ, ಅಷ್ಟೇ."

"ಬಾಡಿಗಿ ಕೊಡೋ ಸಪ್ಲಾಯ್ ಅಂಗಡಿ ದೇಗು ಒಯ್ಯಿ."

"ಸಪ್ಲಾಯ್ ಅಂಗಡಿ ದೇಗು ಬಂದ್ರ ಸಪ್ಲಾಯ್ ಅಂಗಡಿ ಬಾವರ್ಚಿನೂ ಬರ್ತಾನ್ರಿ ಅಕ್ಕಾ. ಆಮ್ಯಾಲ ನನಗ್ಯಾಕ ಕರೀತಾರ?" ಅವಳು ಮಾತು ನಿಲ್ಲಿಸಲಿಲ್ಲ. "ನನಗ ಈ ಕೆಲಸ ಬರ್ತದ್ರಿ. ಅಬ್ಬಾಗಿಂತ ಒಂದು ಕೂದಲೆಳಿ ಕಮ್ಮಿ ಇಲ್ಲ. ಆದ್ರ ಇನ್ನಾ ಯಾರೂ ನನ್ನ ಕೈ ರುಚಿ ಅಂತ ಉಂಡಿಲ್ಲ. ಒಂದೆರಡು ವರ್ಷ ಈ ದೇಗು ನನ್ನ ಮುಂದ ನಿಂತಿದ್ರ ಸಾಕಿತ್ತು. ಈಗ ಹೋತಂದ್ರ, ಕಿಣ್ಣಿ ಸುಲ್ತಾನದಾಗ ಒಂದು ಬಾವರ್ಚಿ ಮನಿ ಇತ್ತು ಅಂತಾರ, ಮುಗೀತು."

ನನಗೆ ಆ ಹುಡುಗಿ ಅಲ್ಲೇ ಹಿಡಿಸಿದಳು. ನನಗೆ ಕೆಲಸ ಬರುತ್ತದೆ ಎಂದು ಬಾಯಿಬಿಟ್ಟು ಹೇಳುವ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆ. ನಾನೊಬ್ಬಳೇ ಇದ್ದೇನೆ ಅಂದುಕೊಂಡಿದ್ದೆ.

"ಕೊಯ್ದು ಕೊಡ್ತೇನಿ" ಎಂದೆ. "ಆದ್ರ ದೇಗು ಯಾರದೋ ಅವ್ರು ಮುಂದ ನಿಂತಿರಬೇಕು. ಹಿಂದಿನ ಬಾಗಿಲ ಕೆಲಸ ನಾ ಮಾಡಂಗಿಲ್ಲ. ಅಪ್ಪಗ ಫೋನ್ ಹಚ್ಚು."

ಅವಳು ಬೇಡ ಎಂದಳು, ಕೈ ಹಿಡಿದಳು, ಅಜರುದ್ದೀನನಂತೂ ಆಟೋದ ಹಿಂದೆ ಹೋಗಿ ನಿಂತುಬಿಟ್ಟ. ನಾನು ಜಗ್ಗಲಿಲ್ಲ. ಕೊನೆಗೆ ಫೋನ್ ಮಾಡಿದಳು. ಜಿಡಗಾ ಏನು ದೂರವಲ್ಲ. ನಾನು ಬುತ್ತಿ ಬಿಚ್ಚಿ ಉಂಡು ಕೈ ತೊಳೆಯುವಷ್ಟರಲ್ಲಿ ಚಾಂದಪಾಶಾ ಬಸ್ ಇಳಿದು ಓಣಿಯಲ್ಲಿ ಬರುತ್ತಿದ್ದರು. ಎತ್ತರದ ಆಳು, ಬಿಳಿ ಗಡ್ಡ. ಜೋತುಬಿದ್ದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದರು.

ದೇಗಿನ ಮುಂದೆ ನಿಂತರು. ಸೊಟ್ಟ ಗೀರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು.

"ನನ್ನ ಕೈ ಬಿತ್ತು ಅಂತ ನನ್ನ ದೇಗೂ ಬೀಳಿಸಬೇಕಂತ ಮಾಡೀ ಏನು?"

ತಸ್ಲೀಮ ಹೊಡೆತ ತಿಂದವಳ ಹಾಗೆ ನಿಂತಳು. ಈ ಮಾತು ಮುಂದುವರಿದರೆ ಇಬ್ಬರೂ ಮತ್ತೆ ಮುಖ ನೋಡದ ಹಾಗೆ ಆಗುತ್ತದೆ ಎನ್ನಿಸಿ ನಡುವೆ ಬಾಯಿ ಹಾಕಿದೆ.

"ಚಾಚಾ, ಬೈಯೋದು ಇದ್ರ ಆಮ್ಯಾಲ ಬೈರಿ, ಬೇಕಂದ್ರ ನಾನೂ ಜೋಡಿ ಬೈತೇನಿ. ಮೊದ್ಲ ಸೀಳು ಎಲ್ಲಿ ತನಕ ಹೋಗ್ಯಾದ ನೋಡೂಣು."

ಜರ್ಮನ್ ಪಾತ್ರೆಯ ಸೀಳು ಕಣ್ಣಿಗೆ ಕಾಣುವ ಕಡೆ ಮುಗಿಯುವುದಿಲ್ಲ. ಒಳಗೊಳಗೇ ಇನ್ನೂ ಕೆಳಗೆ ಹೋಗಿರುತ್ತದೆ. ಅದಕ್ಕೆ ನನ್ನದೊಂದು ಉಪಾಯ ಇದೆ. ಸೀಳಿನ ಸುತ್ತ ತಲೆಗೆ ಹಚ್ಚುವ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಚೊಕ್ಕಟ ಒರೆಸಿದೆ. ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದೆ. ಸೀಳಿನೊಳಗೆ ಇಳಿದಿದ್ದ ಎಣ್ಣೆ ನಿಧಾನವಾಗಿ ಪೌಡರಿಗೆ ಹತ್ತಿ, ಬಿಳಿಯ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಕಣ್ಣಿಗೆ ಕಾಣುತ್ತಿದ್ದ ಸೀಳಿಗಿಂತ ಅದು ಅಂಗೈಯಷ್ಟು ಕೆಳಗೆ ಹೋಗಿ ನಿಂತಿತ್ತು.

ಅದರ ಮೇಲ್ತುದಿಯೂ ಸ್ಪಷ್ಟವಾಗಿ ಕಂಡಿತು. ಅಂಚಿನಲ್ಲಿ ಒಂದು ಕಡೆ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ಸೀಳು ಹುಟ್ಟಿದ್ದು ಅಲ್ಲಿಂದಲೇ. ಚಾಂದಪಾಶಾ ಆ ತಗ್ಗನ್ನು ನೋಡಿದರು. ಅವರ ಎಡಗೈ ತಾನಾಗಿ ಮೇಲೆದ್ದು, ಉದ್ದನೆಯ ಕಬ್ಬಿಣದ ಸೌಟನ್ನು ಅಂಚಿಗೆ ಬಡಿದ ಹಾಗೆ ಗಾಳಿಯಲ್ಲಿ ಬಡಿಯಿತು. ಆ ಸೌಟಿಗೆ ಬಾವರ್ಚಿಗಳು ಕಫಗೀರು ಎನ್ನುತ್ತಾರೆ. ಅನ್ನ ತಿರುವಿದ ಮೇಲೆ ಕಫಗೀರನ್ನು ಅಂಚಿಗೆ ಠಣ್ ಠಣ್ ಎಂದು ಬಡಿಯುವುದು ಅವರ ರೂಢಿ. ಆ ಸದ್ದು ಕೇಳಿದರೆ ಅಡುಗೆ ಆಯಿತು ಎಂದು ಮದುವೆಯ ಮಂದಿ ಕೈ ತೊಳೆಯಲು ಏಳುತ್ತಿದ್ದರಂತೆ. ಬಡಿಯುತ್ತಿದ್ದದ್ದು ಯಾವಾಗಲೂ ಅದೇ ಜಾಗಕ್ಕೆ.

"ಇದು ನಾ ಬಡದದ್ದು" ಎಂದರು ಮೆಲ್ಲಗೆ. "ಬಡದೂ ಬಡದೂ ನಾನೇ ಒಡದೀನಿ."

ಮಗಳು ಸೆರಗಿನ ತುದಿಯಿಂದ ಕೆಳಗೆ ಬಿದ್ದ ಪೌಡರ್ ಒರೆಸತೊಡಗಿದಳು.

"ಬೆಸುಗಿ ಹಾಕಿದ್ರ ಹ್ಯಾಂಗ?" ಎಂದು ಚಾಂದಪಾಶಾ ನನ್ನನ್ನು ಕೇಳಿದರು.

"ಹಾಕಬಹುದ್ರಿ. ಆದ್ರ ಇಷ್ಟು ಹಳೀ ಮಾಲಿಗಿ ನಾ ಜವಾಬ್ದಾರಿ ತಗೊಳಂಗಿಲ್ಲ. ಬೆಂಕಿ ಮ್ಯಾಲ ಇಟ್ಟಾಗ ಬೆಸುಗಿ ಬಾಜೂಕೇ ಮತ್ತೊಂದು ಸೀಳು ಬಿಟ್ರ ಮದುವಿ ಮನ್ಯಾಗ ಏನ್ ಮಾಡ್ತೀರಿ? ಸೀಳು ಮುಗಿದ ಕಡಿಂದ ಕೆಳಗ ಸುತ್ತೂ ಕೊಯ್ದು ತಗೀಬೇಕು. ಅದೊಂದೇ ದಾರಿ."

"ಅಷ್ಟು ಕೊಯ್ದ್ರ ದಮ್ಮಿಗಿ ಜಾಗಾ ಉಳೀಬೇಕಲ್ಲ?"

ಬಾವರ್ಚಿಯ ಪ್ರಶ್ನೆ ಅದು, ನನಗೆ ಹೊಳೆದಿರಲಿಲ್ಲ. ಅನ್ನದ ಮೇಲೆ ಉಗಿ ಆಡಲು ಜಾಗ ಬೇಕು. ಅದು ಇಲ್ಲದಿದ್ದರೆ ಮೇಲಿನ ಅಕ್ಕಿ ಬೇಯುವುದಿಲ್ಲ, ಕೆಳಗಿನದು ಮುದ್ದೆಯಾಗುತ್ತದೆ. ನಮ್ಮ ಅಂಗಡಿಯ ಶಹಾಬಾದ ಹಾಸುಗಲ್ಲಿನ ನೆಲ ಮಟ್ಟಸವಾಗಿದೆ. ದೇಗನ್ನು ಅದರ ಮೇಲಿಟ್ಟು ಬಕೆಟಿನಿಂದ ನೀರು ಹೊಯ್ಯುತ್ತ ಹೋದೆವು. ಚಾಂದಪಾಶಾ ಬಗ್ಗಿ ನೋಡುತ್ತ, ಒಂದು ಹಂತಕ್ಕೆ ಬಂದಾಗ ಸಾಕು ಎಂದರು. ಮದುವೆಯ ಅನ್ನ ಅಲ್ಲಿಗೆ ಬರುತ್ತದೆ. ಅದರ ಮೇಲೆ ನಾಲ್ಕು ಬೆರಳಿಟ್ಟು, ಉಗಿಗೆ ಇಷ್ಟು ಬೇಕೇ ಬೇಕು ಎಂದರು. ಅಲ್ಲಿಂದ ಸೀಳಿನ ತುದಿಗೆ ಉಳಿದದ್ದು ಎರಡೇ ಬೆರಳು. ನನ್ನ ಬ್ಲೇಡು ಆ ಎರಡು ಬೆರಳಿನ ನಡುವೆ ದೇಗನ್ನು ಪೂರ್ತಿ ಸುತ್ತಿ ಬರಬೇಕಿತ್ತು. ಮೇಲೆ ಸರಿದರೆ ಸೀಳು ಉಳಿಯುತ್ತದೆ, ಕೆಳಗೆ ಸರಿದರೆ ದಮ್ಮು ಹೋಗುತ್ತದೆ.

"ಕೆಟ್ರ?" ಎಂದರು ಚಾಂದಪಾಶಾ.

"ಕೆಡಂಗಿಲ್ಲ."

"ಹ್ಯಾಂಗ ಹೇಳ್ತೀ?"

"ನೀವು ದೇಗಿನ ಮುಚ್ಚಳಾ ತಗಿಯೂಮುಂದ ಅನ್ನ ಕೆಟ್ಟಿರಬಹುದು ಅಂತ ಅಂಜ್ತಿದ್ರೇನ್ರಿ ಚಾಚಾ?"

ಅವರು ಗಡ್ಡ ನೀವಿಕೊಂಡರು. ಆಮೇಲೆ, ಬಂದಾಗಿನಿಂದ ಮೊದಲ ಸಲ, ಮಗಳನ್ನು ಸಮಾಧಾನದಿಂದ ನೋಡಿದರು. "ನೀ ಏನಂತೀ ಬೇಟಾ?"

"ಕೊಯ್ಸೂಣು ಅಬ್ಬಾ" ಎಂದಳು ತಸ್ಲೀಮ. "ಗಿಡ್ಡ ದೇಗಿನಾಗೂ ನಾ ಮಾಡ್ತೇನಿ."

ಸರಿ, ಇನ್ನು ನನ್ನ ರಾಜ್ಯ. ನೀರನ್ನು ಸೀಳಿನ ತುದಿಯ ಕೆಳಗಿನವರೆಗೆ ಏರಿಸಿ, ನೀರು ನಿಂತ ಗೆರೆಯ ಗುಂಟ ಒಳಗೆ ಸುತ್ತಲೂ ಗುರುತು ಹಾಕಿದೆ. ನೀರಿನಷ್ಟು ಮಟ್ಟಸವಾದ ಪಟ್ಟಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನೀರು ಚೆಲ್ಲಿ ಮೈ ಒರೆಸಿ, ಅಂಚಿನಿಂದ ಅಳೆದು ಅದೇ ಗೆರೆಯನ್ನು ಹೊರಗೂ ಎಳೆದೆ.

"ಅಕ್ಕಾ, ಗ್ರೈಂಡರ್ ಹಚ್ಚಿದ್ರ ಝಟ್ ಅಂತ ಮುಗೀತದಲ್ರಿ?" ಎಂದ ಅಜರುದ್ದೀನ. ಒಮ್ಮೆ ಕೆಟ್ಟರೂ ಅವನಿಗೆ ಸಲಹೆ ಕೊಡುವ ಚಟ ಹೋಗಿರಲಿಲ್ಲ.

"ಗ್ರೈಂಡರಿನ ಕಲ್ಲಿನ ಚಕ್ರದಾಗ ಜರ್ಮನ್ ಹೋಗಿ ಮೆತ್ಕೋತದ. ಮೆತ್ಕೊಂಡ ಚಕ್ರ ಕಾಯ್ತದ, ಕಾದ ಚಕ್ರ ಒಡದು ಮುಖಕ್ಕ ಬರ್ತದ. ಕಟಗಿ ಕೊಯ್ಯೋ ಹಲ್ಲಿನ ಚಕ್ರ ಹಾಕಿದ್ರ ಅದು ಜರ್ಮನ್ ಕಚ್ಚಿ ನಿನ್ನ ಕಡೆ ಜಿಗೀತದ. ಯಾವುದು ಬೇಕು ಹೇಳು, ಮುಖಾನೋ, ಕೈಯೋ?"

ನಾನು ಬ್ಲೇಡುಗಳ ಡಬ್ಬಿ ತೆಗೆದು, ಅವನು ತಂದಿದ್ದ ಜರ್ಮನಿಯ ಬ್ಲೇಡನ್ನೂ ನನ್ನದೊಂದನ್ನೂ ಅಕ್ಕಪಕ್ಕ ಇಟ್ಟೆ. ಅವನದರ ಹಲ್ಲು ಕಣ್ಣಿಗೆ ಕಾಣದಷ್ಟು ಸಣ್ಣವು, ಆ ಹಲ್ಲುಗಳ ಸಂದಿಯಲ್ಲೆಲ್ಲ ಬೆಳ್ಳಗೆ ಜರ್ಮನ್ ತುಂಬಿ ಗಾರೆ ಮಾಡಿದ ಹಾಗಿತ್ತು. ನನ್ನದರ ಹಲ್ಲು ದೊಡ್ಡವು, ದೂರದೂರ, ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿದ್ದವು. ತಸ್ಲೀಮ ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು.

"ಸಣ್ಣ ಹಲ್ಲಿನ ಹೇನು ಹಣಿಗಿ ತಗೊಂಡು ಸಿಕ್ಕುಗೂದಲಾ ಹಿಕ್ಕಿದ್ರ ಏನಾಗ್ತದ ಬೇ?" ಎಂದು ಕೇಳಿದೆ.

"ಅಲ್ಲೇ ಸಿಕ್ಕೊಂಡು ಕೂಡ್ತದ್ರಿ."

"ಇದೂ ಅಷ್ಟೇ. ಕಬ್ಬಿಣದ ಪುಡಿ ಉದುರಿ ಬೀಳ್ತದ, ಅದಕ್ಕ ಸಣ್ಣ ಹಲ್ಲು ನಡೀತದ. ಜರ್ಮನ್ ಮೆತ್ತಂದು, ಜಿಗಟು. ಉದುರಂಗಿಲ್ಲ, ಅಂಟ್ಕೋತದ. ಅದಕ್ಕ ಅಗಲ ಹಲ್ಲು ಬೇಕು, ಎಣ್ಣಿ ಬೇಕು, ಮಶೀನು ಅವಸರ ಮಾಡಬಾರದು. ಮಂದಿ ಮೆತ್ತಂದು ಅಂತ ಕೇಳಿದ ಕೂಡ್ಲೇ ಯಾವ ಬ್ಲೇಡಾದ್ರೂ ಆಗ್ತದ ಅಂತ ತಿಳ್ಕೋತಾರ. ಮೆತ್ತನವ್ರ ಜೋಡಿನೇ ಹುಷಾರಿ ಇರಬೇಕು."

ಅಜರುದ್ದೀನ ಹೆಂಡತಿಯ ಮುಖ ನೋಡಿ ಹೌದೌದು ಎಂದ. ಚಾಂದಪಾಶಾ ಕೂಡ ಸಣ್ಣಗೆ ನಕ್ಕರು.

ಕಿಟಕಿ ಕೆಲಸಕ್ಕೆ ನಾನು ಸೀಮೆಎಣ್ಣೆ ಸವರುತ್ತೇನೆ. ಅನ್ನದ ಪಾತ್ರೆಗೆ ಅದನ್ನು ಮುಟ್ಟಿಸಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಅಳತೆ ಮುಗಿಸಿ ಬಂದಿದ್ದ ಧರ್ಮಣ್ಣನನ್ನು ಮನೆಗೆ ಓಡಿಸಿ ಕುಸುಬಿ ಎಣ್ಣೆ ತರಿಸಿದೆ. ಯಾವುದಕ್ಕೆ ಒಗ್ಗರಣೆ ಎಂದು ಅವರು ಕೇಳಿದರು. ಉತ್ತರ ಕೊಡಲು ಪುರುಸೊತ್ತು ಇರಲಿಲ್ಲ.

ಗೆರೆಯ ಮೇಲೆ ಬ್ಲೇಡು ಇಳಿಯಲು ಮೊದಲು ಒಂದು ತೂತು ಬೇಕು. ಅಜರುದ್ದೀನ ಹುಮ್ಮಸ್ಸಿನಿಂದ ಡ್ರಿಲ್ಲಿನ ಕೊರೆಯುವ ಬಿಟ್ ಆರಿಸಿ ಕೊಟ್ಟ, ಗೋಡೆಗೆ ಹಾಕುವ ಮೊಂಡು ಬಿಟ್. ಅದನ್ನು ಅವನ ಜೇಬಿಗೇ ಹಾಕಿ, ಲೋಹ ಕೊರೆಯುವ ಹೊಸ ಚೂಪು ಬಿಟ್ ತೆಗೆದುಕೊಂಡೆ. ಎಣ್ಣೆ ಬಿಟ್ಟು ನಿಧಾನ ಒತ್ತಿದಾಗ ಜರ್ಮನ್ ಸುರುಳಿ ಸುರುಳಿಯಾಗಿ ಎದ್ದು ಬಂತು. ಹಾಗೆ ಸುರುಳಿ ಬಂದರೆ ಬಿಟ್ ಸರಿ ಇದೆ ಎಂದು ಅರ್ಥ, ಪುಡಿಯಾಗಿ ಕಪ್ಪಗಾದರೆ ನಿಲ್ಲಿಸಿ ಯೋಚನೆ ಮಾಡಬೇಕು.

ತೂತಿಗೆ ಬ್ಲೇಡು ಇಳಿಸಿ ಜಿಗ್‌ಸಾ ಚಾಲೂ ಮಾಡಿದೆ. ತಸ್ಲೀಮ ಎಣ್ಣೆಯ ಬಟ್ಟಲು ಹಿಡಿದು ಬ್ಲೇಡಿನ ಮುಂದೆ ಮುಂದೆ ತೊಟ್ಟು ಬಿಡುತ್ತ ಬಂದಳು. ಕೊಯ್ದ ಮೇಲುಭಾಗ ಜೋತು ಬಿದ್ದು ಬ್ಲೇಡನ್ನು ಹಿಸುಕಬಾರದು ಎಂದು ಅಜರುದ್ದೀನ ಅದನ್ನು ಬಟ್ಟೆ ಸುತ್ತಿದ ಕೈಯಲ್ಲಿ ಎತ್ತಿ ಹಿಡಿದ. ಆ ಕೆಲಸ ಮಾತ್ರ ಅವನು ಚೊಕ್ಕವಾಗಿ ಮಾಡಿದ, ಹೇಳಲೇಬೇಕು. ಚಾಂದಪಾಶಾ ಕುರ್ಚಿ ಕೊಟ್ಟರೂ ಕೂರಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತಿದ್ದರು.

ಅರ್ಧ ಸುತ್ತು ಬಂದಿದ್ದೆ. ತಸ್ಲೀಮಳ ಕಣ್ಣಿಗೆ ಬೆವರು ಇಳಿದು ಅವಳು ಒರೆಸಿಕೊಳ್ಳಲು ನಿಂತಳು. ಚಾಂದಪಾಶಾ ಕಣ್ಣು ಮುಚ್ಚಿಕೊಂಡೇ, "ಎಣ್ಣಿ ಒಣಗ್ಯಾದ" ಎಂದರು. ನನಗೂ ಕೈಯಲ್ಲಿ ಆಗಲೇ ಗೊತ್ತಾಗಿತ್ತು, ಮಶೀನು ನಿಲ್ಲಿಸಿದೆ. ತಳ ಹತ್ತುವ ಮೊದಲು ದೇಗಿನ ಸದ್ದು ಬದಲಾಗುತ್ತದಂತೆ, ಇದೂ ಹಾಗೆಯೇ ಕೇಳಿಸಿತು ಎಂದರು. ಬ್ರಷ್ಷಿನಿಂದ ಹಲ್ಲು ತಿಕ್ಕಿ, ಎಣ್ಣೆ ಬಿಟ್ಟು ಮತ್ತೆ ಹೊರಟೆ. ಅಜರುದ್ದೀನನ ಸೊಟ್ಟ ಗೀರಿನ ಕೆಳಗೆ ಬಂದಾಗ ಮಾತ್ರ ಮಶೀನಿನ ವೇಗ ತಗ್ಗಿಸಿದೆ. ಅದರ ತುದಿ ನನ್ನ ಗೆರೆಗೆ 'ಬಂದೆ ಬಂದೆ' ಎನ್ನುವಷ್ಟು ಹತ್ತಿರ ಇಳಿದಿತ್ತು. ಬ್ಲೇಡು ಆ ಕಡೆ ವಾಲಲು ನೋಡಿತು. ನಾನು ವಾಲಗೊಡಲಿಲ್ಲ.

ಹೊರಟ ತೂತಿಗೇ ಬ್ಲೇಡು ಬಂದು ಸೇರಿತು. ಮೇಲಿನ ಬಳೆ ಕಳಚಿ ಅಜರುದ್ದೀನನ ಕೈಗೆ ಬಂತು. ಸೀಳು, ಸೊಟ್ಟ ಗೀರು, ತಗ್ಗು ಎಲ್ಲ ಅದರ ಜೊತೆ ಹೋದವು.

ಅರ ಹಾಕಿ ಅಂಚು ನಯ ಮಾಡಿದೆ. ದೇಗಿನೊಳಗೆ ಮೊಬೈಲಿನ ಟಾರ್ಚ್ ಹೊತ್ತಿಸಿಟ್ಟು, ಮೇಲೆ ಅವರು ಜೊತೆಗೆ ತಂದಿದ್ದ ಚಪ್ಪಟೆ ಮುಚ್ಚಳ ಹಾಕಿ, ಅಂಗಡಿಯ ಶಟರ್ ಎಳೆದು ಕತ್ತಲು ಮಾಡಿದೆವು. ಒಂದು ಕಡೆ ಮಾತ್ರ ಬೆಳಕು ಎಳೆಯಾಗಿ ಕಾಣಿಸಿತು. ಮುಚ್ಚಳದ ಸುತ್ತ ಕಣಕ ಮೆತ್ತುತ್ತೇವಲ್ಲ, ಅದರಲ್ಲಿ ಮುಚ್ಚಿ ಹೋಗುತ್ತದೆ ಎಂದಳು ತಸ್ಲೀಮ. "ನನ್ನ ತಪ್ಪು ನಿನ್ನ ಕಣಕದಾಗ ಮುಚ್ಚಬ್ಯಾಡ" ಎಂದು ಗದರಿ, ಬೆಳಕು ಹೋಗುವ ತನಕ ಅರ ಹಾಕಿದೆ. ಲೋಹದ ಚೂರು ಒಂದೂ ಉಳಿಯಬಾರದು, ಹುಣಸೆಹಣ್ಣಿನ ನೀರು ಕುದಿಸಿ ಚೆಲ್ಲಬೇಕು, ಆಮೇಲೆ ಬಟ್ಟೆಯಿಂದ ತಳ ತಡವಿ ನೋಡಬೇಕು ಎಂದು ಮೂವರಿಗೂ ಹೇಳಿ ಕಳಿಸಿದೆ. ದೇಗು ಆಟೋ ಏರಿದಾಗ ನಿಜವಾಗಿಯೂ ಗಿಡ್ಡ ಕಂಡಿತು. ಕೆಲಸದ ಮೇಲೆ ನನಗೆ ಚಿಂತೆ ಇರಲಿಲ್ಲ. ಮದುವೆಯ ಮಂದಿ ಅದನ್ನು ನೋಡಿ ಏನನ್ನುತ್ತಾರೋ ಎಂಬ ಚಿಂತೆ ಮಾತ್ರ ಹತ್ತಿಕೊಂಡಿತು.

ಹೀಗಾಗಿ ಆದಿತ್ಯವಾರ ಅಫಜಲಪುರದಲ್ಲಿ ಕಿಟಕಿ ಅಳತೆ ಇದೆ ಎಂದು ನಾನೇ ನೆಪ ಹುಡುಕಿದೆ. ಆದಿತ್ಯವಾರ ಯಾರ ಅಳತೆ ಎಂದು ಧರ್ಮಣ್ಣ ಕೇಳಿದರು. ಗಾಡಿ ತೆಗೀರಿ ಎಂದೆ.

ಶಾದಿಖಾನೆಯ ಹಿಂದಿನ ಬಯಲಿನಲ್ಲಿ ಒಲೆ ಹೂಡಿದ್ದರು. ನಾವು ಹೋದಾಗ ಮದುವೆ ಹುಡುಗಿಯ ಸೋದರಮಾವ ಇಮಾಮಸಾಬ ಒಲೆಯ ಮುಂದೆ ನಿಂತು ಜೋರು ಮಾಡುತ್ತಿದ್ದರು.

"ಇದು ಚಾಂದಪಾಶಾನ ದೇಗು ಅಲ್ಲವೇ ಅಲ್ಲ. ನಾ ಸಣ್ಣಾಂವ ಇದ್ದಾಗಿಂದ ನೋಡೀನಿ. ಇಷ್ಟು ಗಿಡ್ಡ ಎಲ್ಲಿತ್ತು? ಮಂದಿಗಿ ಕಮ್ಮಿ ಬಿದ್ರ ಯಾರು ಜವಾಬ್ದಾರಿ?"

ಎಲ್ಲರೂ ಚಾಂದಪಾಶಾ ಅವರನ್ನು ನೋಡಿದರು. ಅವರು ಸ್ವಲ್ಪ ದೂರದಲ್ಲಿ ಕಟ್ಟಿಗೆಯ ರಾಶಿಯ ಪಕ್ಕ ನಿಂತು ಬೆಂಕಿ ನೋಡುತ್ತಿದ್ದರು. ನನಗೆ ಬಾಯಿ ಕೆರೆಯುತ್ತಿತ್ತು, ಧರ್ಮಣ್ಣ ತೋಳು ಚಿವುಟಿದರು.

"ಕೊಯ್ದದ್ದು ಉಗಿ ಮ್ಯಾಲಿನ ಖಾಲಿ ಜಾಗಾ ರೀ" ಎಂದಳು ತಸ್ಲೀಮ. ದನಿ ಎತ್ತರಿಸಲಿಲ್ಲ. "ಅನ್ನ ಎಲ್ಲಿ ತನಕ ಬರ್ತಿತ್ತೋ ಅಲ್ಲೇ ಬರ್ತದ. ನೀವು ಹೇಳಿದಷ್ಟೂ ಮಂದಿ ಉಂಡ ಮ್ಯಾಲೆ ನಿಮಗ ಎರಡನೇ ಸಲ ನಾನೇ ಬಡಸ್ತೇನಿ. ಈಗ ಒಲಿ ಮುಂದಿಂದ ಸರೀರಿ, ಗಾಳಿ ಅಡ್ಡ ಆಗಾಕತ್ತದ."

"ನೀ ಯಾರವ್ವಾ?"

"ಬಾವರ್ಚಿ ರೀ."

ಇಮಾಮಸಾಬ ಸರಿದರು.

ಮೊದಲೆಲ್ಲ ಅವಳು ಪೆಟ್ಟಿಗೆಯ ಮೇಲೆ ಹತ್ತಿ ನಿಂತರೂ ಕಫಗೀರು ತಳಕ್ಕೆ ಪೂರ್ತಿ ಮುಟ್ಟುತ್ತಿರಲಿಲ್ಲವಂತೆ. ಅಪ್ಪ ಹಿಂದೆ ನಿಂತು ಎಡಗೈಯಿಂದ ಅದರ ಹಿಡಿ ಒತ್ತಬೇಕಾಗುತ್ತಿತ್ತು. ಈಗ ದೇಗಿನ ಅಂಚು ಅವಳ ನಡುಮಟ್ಟಕ್ಕೆ ಬಂದಿತ್ತು. ನೆಲದ ಮೇಲೆ ನಿಂತೇ ಬಗ್ಗಿ, ತಳದವರೆಗೆ ಕಫಗೀರು ಇಳಿಸಿ, ಮಸಾಲೆಯನ್ನು ಒಂದೇ ಸಮನೆ ತಿರುವಿದಳು. ಚಾಂದಪಾಶಾ ರೂಢಿಯಂತೆ ಹಿಂದೆ ಬಂದು ಕೈ ಚಾಚಿದರು. ಒತ್ತಲು ಅಲ್ಲಿ ಏನೂ ಉಳಿದಿರಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನನಗೆ ಅವರನ್ನು ನೋಡಿ ಸಂಕಟವೂ ಆಯಿತು, ಖುಷಿಯೂ ಆಯಿತು.

ಅಕ್ಕಿ ಹಾಕಿ, ಮುಚ್ಚಳ ಇಟ್ಟು, ಸುತ್ತ ಕಣಕ ಮೆತ್ತಿ, ಮೇಲೆ ಕೆಂಡ ಹರಡಿದರು. ಎಲ್ಲಿಂದಲೂ ಉಗಿ ಸೋರಲಿಲ್ಲ. ನಾನು ಸುತ್ತಲೂ ಹೋಗಿ ನೋಡಿ ಬಂದೆ. ನನ್ನ ಕೆಲಸವನ್ನು ನಾನೇ ಮೆಚ್ಚಿಕೊಳ್ಳುವುದರಲ್ಲಿ ನನಗೆ ನಾಚಿಕೆ ಇಲ್ಲ.

ದಮ್ಮು ಆಗಿ ಮುಚ್ಚಳ ತೆಗೆದಾಗ ಬಯಲಿಗೆಲ್ಲ ವಾಸನೆ ಹರಡಿತು. ನಾನು ಅದನ್ನು ಉಣ್ಣುವವಳಲ್ಲ, ಆದರೆ ಬಿಡಿಬಿಡಿಯಾಗಿ ಅರಳಿದ ಅನ್ನ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಬಡಿಸುವ ಮೊದಲು ಉಪ್ಪು ನೋಡುವುದು ಒಂದು ಪದ್ಧತಿ. ದೇಗಿನ ಮೊದಲ ತುತ್ತು ಬಾವರ್ಚಿಯ ಬಾಯಿಗೆ. ಅವರು ಸರಿ ಎಂದ ಮೇಲೆಯೇ ತಾಟುಗಳು ಏಳುವುದು. ಕೈ ಬಿದ್ದ ಮೇಲೂ ಆ ತುತ್ತು ಚಾಂದಪಾಶಾ ಅವರದೇ ಆಗಿತ್ತು.

ತಸ್ಲೀಮ ಒಂದು ಬಶಿಯಲ್ಲಿ ಅನ್ನ ಹಾಕಿಕೊಂಡು ಅಪ್ಪನ ಮುಂದೆ ಹಿಡಿದಳು.

ಚಾಂದಪಾಶಾ ಬಶಿ ನೋಡಿದರು. ಮುಟ್ಟಲಿಲ್ಲ. "ಉಪ್ಪು ಬಾವರ್ಚಿ ನೋಡಬೇಕು ಬೇಟಾ. ನಾ ಯಾಕ ನೋಡ್ಲಿ?" ಎಂದರು.

ಅಲ್ಲಿಂದ ಹೊರಟು, ಮಂದಿಗೆ ಹಾಸಿದ್ದ ಜಮಖಾನದ ಕಡೆ ನಡೆದರು. ಬಂದವರ ಸಾಲಿನಲ್ಲಿ ಒಬ್ಬರನ್ನು ಸರಿಯಲು ಹೇಳಿ ಕುಳಿತರು. ಎಡಗೈಗೆ ಒಂದು ಚಮಚ ಕೇಳಿ ಇಸಿದುಕೊಂಡರು. "ಹಸಿವಿ ಆಗ್ಯಾದ, ತರ್ರಿ ಜಲ್ದಿ" ಎಂದು ಅಲ್ಲಿಂದಲೇ ಕೂಗಿದರು.

ತಸ್ಲೀಮ ಬಶಿ ಹಿಡಿದುಕೊಂಡೇ ನಿಂತಿದ್ದಳು. ಬಡಿಸುವವರು ತಾಟು ಹಿಡಿದು ಅವಳನ್ನೇ ನೋಡುತ್ತಿದ್ದರು. ಅವಳ ಕಣ್ಣು ತುಂಬಿ ಬಂದದ್ದು ಹೊಗೆಗೆ ಎಂದು ಅವರು ತಿಳಿದುಕೊಂಡಿರಬೇಕು. ಬೆರಳ ತುದಿಯಲ್ಲಿ ನಾಲ್ಕು ಅಗುಳು ತೆಗೆದು ಬಾಯಿಗೆ ಹಾಕಿಕೊಂಡಳು. ಅವಸರ ಮಾಡದೆ ಅಗಿದಳು.

"ಉಪ್ಪು ಬರೋಬ್ಬರಿ ಅದ" ಎಂದಳು, ಯಾರ ಮುಖವನ್ನೂ ನೋಡದೆ. "ತಾಟು ಎತ್ರಿ."